ಧನಿಷ್ಠೆಗೆ ಮುಂಚಿನ ಗಂಟೆ

ಮಧುರೆ ಹೋಬಳಿಯ ಆ ಊರಿನಲ್ಲಿ ಗಡಿಯಾರ ಇದ್ದದ್ದು ಒಂದೇ ಮನೆಯಲ್ಲಿ, ಗೋಪಾಲಪ್ಪನ ನಡುಮನೆಯ ಗೋಡೆಯ ಮೇಲೆ. ಅದು ಹೊಡೆಯುವ ಗಂಟೆ ಊರಿಗೆಲ್ಲ ಕೇಳಿಸುತ್ತಿತ್ತು. ಯುದ್ಧ ಜೋರಾದ ಮೇಲೆ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಗೋಪಾಲಪ್ಪನ ತಮ್ಮ ಗಂಗಣ್ಣ ಬೆಂಗಳೂರಿನಲ್ಲಿ ಎರಡು ವರ್ಷ ಕಾಲೇಜು ಓದಿ ಬಂದವನು. ಸೈಕಲ್ಲು ಹತ್ತಿ ಮಾಕಳಿದುರ್ಗದ ಸ್ಟೇಷನ್ನಿಗೆ ಹೋಗಿ, ಹೊಸ ಟೈಮು ಕೇಳಿಕೊಂಡು ಬಂದು ತಮ್ಮ ಮನೆಯ ಮುಳ್ಳನ್ನೂ ತಿರುಗಿಸಿದ. ಅದರಿಂದ ಊರಿಗೆ ಏನೂ ಆಗಲಿಲ್ಲ. ಕೋಳಿ ಕೂಗುವ ಹೊತ್ತಿಗೇ ಕೂಗಿತು.

ತೊಂದರೆಯಾದದ್ದು ಶ್ಯಾನುಭೋಗರಿಗೆ, ಅದೂ ಜಾತಕ ಬರೆಯುವಾಗ. ಊರಿನ ಮಕ್ಕಳನ್ನೆಲ್ಲ ಹಿಡಿದು ಈಚೆಗೆ ತೆಗೆಯುತ್ತಿದ್ದವಳು ಕೇರಿಯ ಸೂಲಗಿತ್ತಿ ಲಕ್ಕಮ್ಮ. ಗೋಪಾಲಪ್ಪನ ಕಿರಿಮಗ ಹುಟ್ಟಿದಾಗ ಅವಳು ಹಿತ್ತಲ ಬಾಗಿಲಿಗೆ ಬಂದು, "ಗಂಡು ಸ್ವಾಮಿ, ಗಡಿಯಾರ ನಾಕು ಹೊಡೀತು," ಎಂದು ಕೂಗಿ ಹೇಳಿದಳು. ಹಿತ್ತಲ ಕಟ್ಟೆಯ ಮೇಲೆ ಪಂಚಾಂಗ ಬಿಡಿಸಿ ಕೂತಿದ್ದ ಶ್ಯಾನುಭೋಗರು ತಲೆಯೆತ್ತದೆ, "ನಾಲ್ಕು ಅಲ್ಲ ಕಣೇ, ಮೂರು. ಗಡಿಯಾರದಲ್ಲಿ ಒಂದು ಕಳೆದು ಹೇಳೋದು ಕಲಿ. ಪಂಚಾಂಗಕ್ಕೆ ಯುದ್ಧ ಗೊತ್ತಿಲ್ಲ," ಎಂದರು. ಲಕ್ಕಮ್ಮ ಕಲಿತಳು. ಆಮೇಲೆ ಹುಟ್ಟಿದ ಹನ್ನೊಂದು ಕೂಸುಗಳಿಗೂ ಅವಳೇ ಒಂದು ಗಂಟೆ ಕಳೆದು ಹೇಳಿದಳು. ಅವಳಿಗೆ ಓದು ಬರದು. ಆದರೆ ಅವಳ ಗಂಡ ಸೊಣ್ಣಪ್ಪ ರೈಲ್ವೆ ಗ್ಯಾಂಗಿನಲ್ಲಿ ಹಾರೆ ಹೊಡೆಯುವವನು. ಗಂಟೆ ಎಣಿಸುವುದು ಅವರ ಗುಡಿಸಲಿಗೆ ಹೊಸದೇನಲ್ಲ.

ಅದೇ ಹೆರಿಗೆಯ ಕೋಣೆಯಲ್ಲಿ ಈಗ ಗೋಪಾಲಪ್ಪನ ತಾಯಿ ಅಮ್ಮಯಮ್ಮ ಮಲಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ದೊಡ್ಡ ಆಸ್ಪತ್ರೆಯವರು ಒಂದು ಸಲ ಮುಟ್ಟಿ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಗಡ್ಡೆ ಒಡೆದು ಕೀವು ಹರಿಯತೊಡಗಿದ ಮೇಲೆ ಸೊಸೆ ಮುನಿವೆಂಕಟಮ್ಮ ಬಾಗಿಲ ಹೊರಗಿನಿಂದಲೇ ಗಂಜಿ ಇಡತೊಡಗಿದಳು. ಒಳಗೆ ಹೋಗಿ ತೊಳೆಯುವುದು, ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು ಎಲ್ಲ ಲಕ್ಕಮ್ಮನ ಪಾಲಿಗೆ ಬಂತು. ಕೋಣೆಗೆ ಎರಡು ಬಾಗಿಲು. ಒಂದು ನಡುಮನೆಗೆ, ಒಂದು ಹಿತ್ತಲಿಗೆ. ಲಕ್ಕಮ್ಮ ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುವವಳು. ಇಪ್ಪತ್ತೈದು ವರ್ಷದಿಂದ ಆ ಕೋಣೆಯಲ್ಲಿ ಮಕ್ಕಳನ್ನು ಹಿಡಿದಿದ್ದಳು; ನಡುಮನೆ ಹೇಗಿದೆಯೆಂದು ನೋಡಿರಲಿಲ್ಲ.

ಮೂರು ವಾರದ ಹಿಂದೆ ಅಮ್ಮಯಮ್ಮ ಎಲ್ಲರನ್ನೂ ಕರೆಸಿ ಕೈಮುಗಿದಿದ್ದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಸೊಸೆ, ಹೊಸ್ತಿಲ ಆಚೆ ಗಂಡಸರು.

"ನನ್ನ ಕೈಲಾಗಲ್ಲ ಕಣ್ರಪ್ಪ. ಏನಾದ್ರೂ ಕೊಟ್ಟು ಕಳಿಸ್ಬುಡಿ."

ಶ್ಯಾನುಭೋಗರು ಮೊದಲು ಬಾಯಿಬಿಟ್ಟರು. "ಪ್ರಾರಬ್ಧ ಅನುಭವಿಸಿಯೇ ತೀರಬೇಕು ತಾಯಿ. ಅರ್ಧಕ್ಕೆ ಬಿಟ್ಟು ಎದ್ದು ಹೋದರೆ ಮುಂದಿನ ಜನ್ಮದಲ್ಲಿ ಮತ್ತೆ ಮೊದಲಿಂದ."

"ಮುಂದಿನ ಜನ್ಮಕ್ಕೆ ಮೈಯಾದ್ರೂ ಹೊಸದಿರ್ತದಲ್ಲ ಸ್ವಾಮಿ. ತಡ್ಕೊಂತೀನಿ. ಈಗ ಕೊಡ್ಸಿ."

ವಾರಕ್ಕೊಮ್ಮೆ ಜಟಕಾದಲ್ಲಿ ಬರುತ್ತಿದ್ದ ಡಾಕ್ಟರು ಬ್ಯಾಗಿನ ಹಿಡಿಯನ್ನು ಬಿಗಿ ಮಾಡಿಕೊಂಡರು. ಜೀವ ಉಳಿಸುತ್ತೇನೆಂದು ಪ್ರಮಾಣ ಮಾಡಿ ಹಿಡಿದ ಬ್ಯಾಗು ಇದು, ತೆಗೆಯುವುದಕ್ಕಲ್ಲ ಎಂದರು. ಗೋಪಾಲಪ್ಪನಿಗೆ ಕಣ್ಣಲ್ಲಿ ನೀರು ಬಂತು. "ಹೆತ್ತೋಳನ್ನ ಕೊಂದ ಮಗ ಅನ್ನಿಸ್ಕೊಂಡು ನಾನೆಂಗವ್ವ ಬಾಳ್ಲಿ?" ಗಂಗಣ್ಣ ಗೋಡೆಗೊರಗಿ ನಿಂತು, ತಾನು ಬೆಂಗಳೂರಿನ ವಾಚನಾಲಯದಲ್ಲಿ ಓದಿದ್ದನ್ನು ವಿವರಿಸಿದ. ಒಬ್ಬರ ನೋವನ್ನಷ್ಟೇ ನೋಡಬಾರದು, ಸಮಾಜ ಪೂರ್ತಿ ನೋಡಬೇಕು. ಇವತ್ತು ಅಮ್ಮನಿಗೆ ಕೊಟ್ಟರೆ ನಾಳೆ ಊರಿನ ಮುದುಕ ಮುದುಕಿಯರೆಲ್ಲ ಮಕ್ಕಳ ಕೈಯಲ್ಲಿ ನೀರು ಕುಡಿಯಲು ಹೆದರುತ್ತಾರೆ.

ನಾಲ್ವರ ಮಾತೂ ತೂಕದ್ದೇ. ಅಮ್ಮಯಮ್ಮ ಗೋಡೆಯ ಕಡೆ ಹೊರಳಲು ನೋಡಿದಳು, ಆಗಲಿಲ್ಲ. ಎಲ್ಲರೂ ಹೋದ ಮೇಲೆ ಲಕ್ಕಮ್ಮ ಅವಳನ್ನು ಹೊರಳಿಸಿದಳು.

ಇಷ್ಟು ಮೂರು ವಾರದ ಹಿಂದಿನ ಮಾತು. ಈಚೆಗೆ ಆದದ್ದೇ ಬೇರೆ.

ನಡುಮನೆಯ ತುಂಬ ರೇಷ್ಮೆ ಹುಳದ ತಟ್ಟೆಗಳು. ಪ್ಯಾರಾಚೂಟಿಗೆ ರೇಷ್ಮೆ ಬೇಕು ಎಂದು ಯುದ್ಧದವರು ಕೇಳುತ್ತಿದ್ದ ಕಾಲ. ಗೋಪಾಲಪ್ಪ ರಾಗಿ ಹೊಲವನ್ನೂ ಹಿಪ್ಪುನೇರಳೆಗೆ ತಿರುಗಿಸಿದ್ದ. ಹುಳುಗಳು ನಾಲ್ಕನೇ ಜ್ವರದಿಂದ, ಎಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದು ಹಗಲೂ ರಾತ್ರಿ ಸೊಪ್ಪು ಕಡಿಯುತ್ತಿದ್ದವು. ಇನ್ನು ಐದಾರು ದಿನಕ್ಕೆ ಹಣ್ಣಾಗಿ ಬಿದಿರು ತಟ್ಟಿಯ ಚಂದ್ರಿಕೆಗೆ ಏರುತ್ತವೆ, ಗೂಡು ಕಟ್ಟುತ್ತವೆ. ಇಂಥ ಹೊತ್ತಿನಲ್ಲಿ ಸಾವಾದರೆ ಸೂತಕ. ಅದಕ್ಕೆ ತಡಿಕೆ ಕಟ್ಟಿ ಹುಳದ ಭಾಗವನ್ನು ಬೇರೆ ಮಾಡಿಕೊಳ್ಳಬಹುದು. ಆದರೆ ಶ್ಯಾನುಭೋಗರು ಪಂಚಾಂಗ ನೋಡಿ ಹೇಳಿದ ಮಾತಿಗೆ ತಡಿಕೆ ಸಾಲದು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಧನಿಷ್ಠಾ ನಕ್ಷತ್ರ ಕೂಡುತ್ತದೆ. ಅಲ್ಲಿಂದ ಐದು ದಿನ ಪಂಚಕ. ಆ ಐದು ದಿನದಲ್ಲಿ ಹೆಣ ಬಿದ್ದ ಮನೆಯನ್ನು ಬಿಟ್ಟು ಏಳಬೇಕು. ಹೆಣವನ್ನು ಬಾಗಿಲಿನಿಂದ ತರದೆ ಗೋಡೆ ಒಡೆದು ತರಬೇಕು. ಆರು ತಿಂಗಳು ಬೀಗ, ಬಾಗಿಲಿಗೆ ಮುಳ್ಳು. ಆ ಮನೆಯ ಹುಳದ ತಟ್ಟೆಯನ್ನು ಊರಲ್ಲಿ ಯಾರೂ ತಮ್ಮ ಸೂರಿನಡಿ ಬಿಟ್ಟುಕೊಳ್ಳುವುದಿಲ್ಲ.

ಬುಧವಾರ ಮಧ್ಯಾಹ್ನ ನಾಲ್ವರೂ ಹಿತ್ತಲ ಕಟ್ಟೆಯ ಮೇಲೆ ಕೂತು ಲಕ್ಕಮ್ಮನನ್ನು ಕರೆದರು. ಅವಳು ತಿಪ್ಪೆಯ ಪಕ್ಕ, ನುಗ್ಗೆ ಮರದ ಕೆಳಗೆ ನಿಂತಳು. ಅದು ಅವಳು ನಿಲ್ಲುವ ಜಾಗ. ಕೋಣೆಯ ಕಿಟಕಿ ತೆರೆದೇ ಇತ್ತು. ಒಳಗಿನವಳಿಗೆ ಕಿವಿ ಇದೆಯೆನ್ನುವುದು ಯಾರಿಗೂ ನೆನಪಾಗಲಿಲ್ಲ.

ಡಾಕ್ಟರು ಸಣ್ಣ ಸೀಸೆಯೊಂದನ್ನು ಕಟ್ಟೆಯ ಅಂಚಿಗಿಟ್ಟರು. "ಇದು ನೋವಿಗೆ. ನೋವು ಪೂರ್ತಿ ನಿಲ್ಲುವಷ್ಟು ಕೊಡು. ನನ್ನ ಉದ್ದೇಶ ನೋವು ಕಳೆಯೋದು. ಅದರ ಜೊತೆ ಉಸಿರೂ ನಿಂತರೆ ಅದು ಉದ್ದೇಶ ಅಲ್ಲ, ಪರಿಣಾಮ."

"ಸಾಯೋ ಗಳಿಗೆ ಕೆಡದ ಹಾಗೆ ನೋಡಿಕೊಳ್ಳೋದೂ ಧರ್ಮವೇ," ಎಂದರು ಶ್ಯಾನುಭೋಗರು. "ಇಷ್ಟು ನರಳಿದ ಮೇಲೆ ಪ್ರಾರಬ್ಧ ತೀರಿತು ಅಂತಲೇ ಇಟ್ಕೋಬೇಕು."

"ಹೆತ್ತೋಳು ಒದ್ದಾಡೋದ ನೋಡ್ಕೊಂಡು ಸುಮ್ನಿರೋ ಮಗ ಎಂಥ ಮಗ ಹೇಳು?" ಎಂದ ಗೋಪಾಲಪ್ಪ.

ಗಂಗಣ್ಣ ಎರಡು ಕೈಗಳನ್ನು ತಕ್ಕಡಿಯಂತೆ ಹಿಡಿದು ತೋರಿಸಿದ. ಈ ಕಡೆ ಒಂಬತ್ತು ಜನರ ಅನ್ನ, ಸೊಪ್ಪು ಕೊಯ್ಯುವ ಕೇರಿಯವರ ಕೂಲಿ, ಅಂದರೆ ಲಕ್ಕಮ್ಮನವರದೂ. ಆ ಕಡೆ ಹೇಗೂ ಮುಗಿಯುವ ಎರಡು ದಿನದ ಜೀವ. "ನೀನೇ ಹೇಳು, ಯಾವ ಕಡೆ ವಾಲ್ತದೆ?"

ಲಕ್ಕಮ್ಮ ಸೀಸೆಯನ್ನೇ ನೋಡುತ್ತಿದ್ದಳು. "ಮೂರು ವಾರದ್ ಹಿಂದೆ ಆ ತಾಯೇ ಕೇಳ್ಕಂಡ್ತಲ್ಲ. ಆಗ ಯಾಕಾಗ್ಲಿಲ್ಲ ಸ್ವಾಮಿ?"

"ಆಗಿಂದು ಬೇರೆ," ಎಂದ ಗೋಪಾಲಪ್ಪ.

"ಏನು ಬೇರೆ?"

ನಡುಮನೆಯಲ್ಲಿ ಹುಳುಗಳು ಸೊಪ್ಪು ಕಡಿಯುವ ಸದ್ದು, ಒಣ ಎಲೆಯ ಮೇಲೆ ಹನಿ ಬಿದ್ದಂತೆ, ಹಿತ್ತಲವರೆಗೂ ಬರುತ್ತಿತ್ತು.

"ಸರಿ, ಧರ್ಮ ಅಂತೀರಿ. ಹಂಗಾರೆ ನೀವೇ ಯಾರಾದ್ರೂ ಕುಡ್ಸಿ."

"ಮಗನ ಕೈಲಿ ಆಗಬಾರ್ದು ಕಣೇ."

"ಬ್ರಾಹ್ಮಣನ ಕೈಲಂತೂ ಕೂಡದು."

ಡಾಕ್ಟರು ಪ್ರಮಾಣದ ಮಾತೆತ್ತಿದರು. ಗಂಗಣ್ಣ ತನಗೆ ಆ ಕೋಣೆಯ ವಾಸನೆಗೇ ತಲೆ ಸುತ್ತುತ್ತದೆ ಎಂದ.

"ನಂಗೆ ಮಾತ್ರ ಧರ್ಮ ಇಲ್ವಾ?"

"ನಿಂಗೆ ರೂಢಿ ಐತಲ್ಲೇ," ಎಂದ ಗೋಪಾಲಪ್ಪ, ಬೈಗುಳವೇನೂ ಅಲ್ಲ, ಇದ್ದದ್ದನ್ನು ಹೇಳುವವನಂತೆ. "ಸತ್ತು ಹುಟ್ಟಿದ ಕೂಸುಗಳ್ನೆಲ್ಲ ಎತ್ತಿ ಮಣ್ಣು ಮಾಡೋಳು ನೀನು. ಯೋಚ್ನೆ ಮಾಡು. ನಿನ್ ಗುಡಿಸ್ಲು ನಮ್ ತೋಟದ ಬದುವಿನ ಮೇಲೈತೆ. ನಾನೇನಾದ್ರೂ ಯಾವತ್ತಾದ್ರೂ ಏಳು ಅಂದಿದ್ದೀನಾ?"

ಲಕ್ಕಮ್ಮ ಸೀಸೆಯನ್ನು ತೆಗೆದು ಮಡಿಲಿಗೆ ಸಿಕ್ಕಿಸಿಕೊಂಡಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರು ಅದನ್ನು ಹೂಂ ಎಂದೇ ತೆಗೆದುಕೊಂಡರು.

ಸಂಜೆ ಸೊಣ್ಣಪ್ಪ ಕೇಳಿ, ಬಿದ್ದುಬಿದ್ದು ನಕ್ಕ. "ನಾಕು ಜನ ಸೇರಿ ಒಂದು ಮುದುಕಿ ಕೊಲ್ಲೋಕಾಗ್ಲಿಲ್ವಾ? ಅದಕ್ಕೂ ಕೇರಿಯೋರೇ ಬೇಕಾ?" ನಗು ನಿಂತ ಮೇಲೆ ಗುಡಿಸಲಿನ ಗಳುವನ್ನು ನೋಡುತ್ತ, "ಏನ್ ಮಾಡ್ತೀಯಾ?" ಎಂದ.

"ಅವ್ಳನ್ನ ಕೇಳ್ತೀನಿ," ಎಂದಳು ಲಕ್ಕಮ್ಮ.

ಶುಕ್ರವಾರ ಬೆಳಿಗ್ಗೆ ಯಾರೂ ಕೋಣೆಯ ಹತ್ತಿರ ಸುಳಿಯಲಿಲ್ಲ. ಶ್ಯಾನುಭೋಗರಿಗೆ ದೊಡ್ಡಬಳ್ಳಾಪುರದ ಕಚೇರಿಯಲ್ಲಿ ಕೆಲಸ ಬಿತ್ತು. ಡಾಕ್ಟರು ತಮ್ಮ ಊರಿನಲ್ಲಿ ಉಳಿದರು. ಗೋಪಾಲಪ್ಪ ಅಂಗಳದ ಚಂದ್ರಿಕೆಗಳಿಗೆ ಬಿದಿರು ಕಟ್ಟುತ್ತ, ಘಳಿಗೆಗೊಮ್ಮೆ ಒಳಗೆ ಇಣುಕಿ ಗಡಿಯಾರ ನೋಡುತ್ತಿದ್ದ. ಎಂಟೂವರೆ, ಒಂಬತ್ತು, ಒಂಬತ್ತೂಕಾಲು. ಶ್ಯಾನುಭೋಗರು ಹೇಳಿದ ಹತ್ತು ಪಂಚಾಂಗದ ಹತ್ತು, ಗಡಿಯಾರದ ಹನ್ನೊಂದು. ಹುಟ್ಟಿದ ಹೊತ್ತಾಗಿದ್ದರೆ ಒಂದು ಗಂಟೆಯ ಮಾತು ಅವರ ಬಾಯಲ್ಲಿ ತಾನಾಗಿ ಬರುತ್ತಿತ್ತು. ಬುಧವಾರದ ಅವಸರದಲ್ಲಿ ಬರಲಿಲ್ಲ. ಜ್ಞಾಪಿಸಲು ಇವತ್ತು ಅವರು ಇಲ್ಲೂ ಇರಲಿಲ್ಲ.

ಲಕ್ಕಮ್ಮ ಅಮ್ಮಯಮ್ಮನ ಮೈ ಒರೆಸಿ, ಸೀಸೆಯನ್ನು ಗೋಡೆಯ ಗೂಡಿನಲ್ಲಿಟ್ಟಳು.

"ಬುಧವಾರ ಮಾತಾಡಿದ್ದೆಲ್ಲ ಕೇಳುಸ್ತು ಕಣೇ," ಎಂದಳು ಅಮ್ಮಯಮ್ಮ. ದನಿ ಸಣ್ಣದಾಗಿತ್ತು, ಕಣ್ಣು ಮಾತ್ರ ಚುರುಕು. "ನಾನು ಬೇಡಿದಾಗ ಧರ್ಮ ಅಡ್ಡ ಬಂತು. ಈಗ ಧರ್ಮಕ್ಕೇ ಅರ್ಜೆಂಟು."

"ಏನ್ ಮಾಡ್ಲವ್ವ?"

"ಈಗ ಕೊಡ್ಬ್ಯಾಡ. ಹುಳುವಿಗೋಸ್ಕರ ಸಾಯಲ್ಲ ನಾನು." ಹಲ್ಲು ಕಚ್ಚಿಕೊಂಡು ಮಲಗಿದಳು. ನೋವು ಬಂದಾಗ ಲಕ್ಕಮ್ಮನ ಮುಂಗೈಯನ್ನು ಹಿಂಡಿದಳು. ಹೆರುವವರ ಹಿಡಿತ ಲಕ್ಕಮ್ಮನಿಗೆ ಗೊತ್ತು. ಇದು ಅದಕ್ಕಿಂತ ಬಿಗಿ.

ಗಡಿಯಾರ ಹತ್ತು ಹೊಡೆಯಿತು. ಹಿತ್ತಲ ಬಾಗಿಲಲ್ಲಿ ಗೋಪಾಲಪ್ಪನ ದನಿ. "ಆಯ್ತೇನೇ?"

"ಇಲ್ಲ."

"ಇಲ್ಲ ಅಂದ್ರೆ?"

"ಉಸಿರಾಡ್ತಾವ್ರೆ."

ಆಮೇಲೆ ಸ್ವಲ್ಪ ಹೊತ್ತು ಹೊರಗೆ ಬೈಗುಳ, ಎದೆ ಬಡಿದುಕೊಂಡ ಸದ್ದು, ಮುನಿವೆಂಕಟಮ್ಮನ ಅಳು. ಅದರ ನಡುವೆ ಗಂಗಣ್ಣನ ದನಿ ಮೇಲೆದ್ದಿತು. ಪಂಚಕ ಇರುವುದು ಐದೇ ದಿನ, ಮಂಗಳವಾರ ದಾಟಿಸಿದರೆ ಮನೆ ಉಳಿಯುತ್ತದೆ, ಶಕ್ತಿಯ ಇಂಜೆಕ್ಷನ್ ಕೊಟ್ಟರೆ ಎಳೆಯಬಹುದು. ಡಾಕ್ಟರನ್ನು ಕರೆತರಲು ಅವನು ಸೈಕಲ್ಲು ಹತ್ತಿದ. ಗೋಪಾಲಪ್ಪ ಕಿಟಕಿಗೆ ಬಾಯಿ ಕೊಟ್ಟು ಕೂಗಿದ. "ಲಕ್ಕಿ, ಆ ಸೀಸೆ ಮುಟ್ಬ್ಯಾಡ! ಹಾಲು ಕುಡ್ಸು, ಬ್ರಾಂದಿ ಕೊಡಿಸ್ತೀನಿ ಅದ ಕುಡ್ಸು. ಏನಾದ್ರೂ ಮಾಡಿ ಐದು ದಿನ ಉಳುಸ್ಕೊಡೇ. ನಿನ್ ಕಾಲಿಗೆ ಬೀಳ್ತೀನಿ." ಅವನೂ ಬ್ರಾಂದಿಗೆ ಓಡಿದ.

ಮನೆ ತಣ್ಣಗಾಯಿತು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ತುಂಡು ಗೋಡೆಯ ಮೊಳೆಗೆ ಇನ್ನೂ ಒಂದು ಗೇಣು ದೂರದಲ್ಲಿತ್ತು. ನಿಜವಾದ ಹತ್ತು ಗಂಟೆಗೆ ಅದು ಮೊಳೆಯನ್ನು ಮುಟ್ಟುತ್ತದೆ. ಈ ಕೋಣೆಯಲ್ಲಿ ಕಾದು ಕೂತು ಲಕ್ಕಮ್ಮನಿಗೆ ಅದು ಬಾಯಿಪಾಠ. ನಕ್ಷತ್ರ ಇನ್ನೂ ಬಂದಿರಲಿಲ್ಲ. ಸಾಯಬೇಕು ಎನ್ನುವವರಿಗೆ ಹೊತ್ತು ಮುಗಿದಿತ್ತು. ಬದುಕಬೇಕು ಎನ್ನುವವರು ಇನ್ನೂ ದಾರಿಯಲ್ಲಿದ್ದರು.

ಅವಳು ಅಮ್ಮಯಮ್ಮನ ಕಿವಿಯ ಬಳಿ ಬಗ್ಗಿದಳು. "ಈಗ ನೀನು ಸಾಯೋದು ಯಾರಿಗೂ ಬ್ಯಾಡ ಕಣವ್ವ. ನಿಂಗೇನು ಬೇಕು ಹೇಳು."

ಅಮ್ಮಯಮ್ಮ ನಡುಮನೆಯ ಬಾಗಿಲ ಕಡೆ ಕಣ್ಣು ತಿರುಗಿಸಿದಳು.

"ಒಂದು ಹುಳ ತಗಂಬಾ. ನೋಡ್ಬೇಕು."

"ನಾನು ನಡುಮನೆಗೆ..."

"ಇದು ನನ್ ಮನೆ. ನಾನು ಹೇಳ್ತಿದ್ದೀನಿ, ಹೋಗು."

ಲಕ್ಕಮ್ಮ ನಡುಮನೆಯ ಬಾಗಿಲು ತಳ್ಳಿದಳು. ಕತ್ತಲು, ಸೊಪ್ಪಿನ ಹಸಿ ವಾಸನೆ, ತಟ್ಟೆಯ ಮೇಲೆ ತಟ್ಟೆ. ಇಪ್ಪತ್ತೈದು ವರ್ಷ ಗೋಡೆಯ ಆಚೆಯಿಂದ ಕೇಳಿದ್ದ ಗಡಿಯಾರ ಅಂಗೈಯಗಲದ ಮುಖದ್ದು, ಅಷ್ಟೇನೂ ದೊಡ್ಡದಲ್ಲ. ತಟ್ಟೆಯ ಬಳಿ ಕೂತು ಮೂಗು ಸೀಟುತ್ತಿದ್ದ ಮುನಿವೆಂಕಟಮ್ಮ ಅವಳನ್ನು ನೋಡಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಲಕ್ಕಮ್ಮ ಒಂದು ಎಲೆಯನ್ನು ಹುಳುವಿನ ಸಮೇತ ಎತ್ತಿಕೊಂಡು ಬಂದಳು.

ಅಮ್ಮಯಮ್ಮ ಅದನ್ನು ಅಂಗೈ ಮೇಲೆ ಹರಿಯಲು ಬಿಟ್ಟಳು. "ನಾನೇ ಈ ಮನೆಗೆ ಹುಳ ತಂದೋಳು, ತವರಿಂದ. ಗೂಡು ಕಟ್ಟಿದ್ಮೇಲೆ ಹಬೆಗೆ ಹಾಕ್ತೀವಲ್ಲ, ಒಳಗೆ ಇದಿರ್ತದೆ. ಎಷ್ಟು ಸಾವಿರ ಹಾಕಿದ್ದೀನೋ. ಒಂದು ದಿನಾನೂ ಶ್ಯಾನುಭೋಗ್ರನ್ನ ಕೇಳ್ಲಿಲ್ಲ." ಹುಳು ಬೆರಳ ತುದಿಗೆ ಹೋಗಿ ತಲೆಯೆತ್ತಿ ಗಾಳಿಯನ್ನು ತಡಕಿತು. "ಸಾಕು. ಈಗ ಕೊಡು."

"ಕೊಡ್ಲಾ?"

"ಕೊಡು."

"ಆಮ್ಯಾಕೆ ಬ್ಯಾಡ ಅಂದ್ರೆ ನನ್ ಕೈಲಿ ಆಗಲ್ಲವ್ವ. ಕೊಡ್ಲಾ?"

"ಹೂಂ ಅಂದ್ನಲ್ಲ."

"ಕೊನೇ ಸಲ ಕೇಳ್ತೀನಿ."

"ಎಷ್ಟು ಸಲ ಕೇಳ್ತೀಯೇ ಮುಂಡೇದೆ! ಹೆರೋವಾಗ್ಲೂ ಹಿಂಗೇ ಪ್ರಾಣ ತಿಂದೆ."

ಲಕ್ಕಮ್ಮ ನಕ್ಕಳು. ಅಮ್ಮಯಮ್ಮನ ತಲೆಯನ್ನು ಎಡತೋಳಿನ ಮೇಲೆ ತೆಗೆದುಕೊಂಡು ಸೀಸೆಯದನ್ನು ಬಗ್ಗಿಸಿದ ಲೋಟವನ್ನು ಬಲಗೈಯಲ್ಲಿ ಹಿಡಿದಳು. ಸ್ವಲ್ಪ ಚೆಲ್ಲಿತು. ಡಾಕ್ಟರು ಹೇಳಿದ ಉದ್ದೇಶ, ಪರಿಣಾಮ ಎರಡರ ನಡುವೆ ಕಾಲಿಡಲು ಜಾಗವಿದೆಯೇ ಎಂದು ಅವಳು ಹುಡುಕಲಿಲ್ಲ. ತಾನು ಮಾಡುತ್ತಿರುವುದಕ್ಕೆ ಇರುವುದು ಒಂದೇ ಹೆಸರು. ಆ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡೇ ಕುಡಿಸಿದಳು. ಹಾಲು ಕುಡಿದ ಮಗುವಿಗೆ ಮಾಡುವಂತೆ ಕುತ್ತಿಗೆಯ ಬದಿ ಒರೆಸಿದಳು. ಮುಂಗೈ ಹಿಡಿದ ಬೆರಳುಗಳು ಮೆಲ್ಲಗೆ ಸಡಿಲವಾದವು. ಎಣ್ಣೆ ತೀರಿದ ಬತ್ತಿ, ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಸಿರು ನಿಂತಾಗ ಬಿಸಿಲಿನ ತುಂಡು ಮೊಳೆಗೆ ನಾಲ್ಕು ಬೆರಳು ದೂರವಿತ್ತು. ಅವಳು ಕಣ್ಣು ಮುಚ್ಚಿಸಿ, ಹುಳುವನ್ನು ಎಲೆಯ ಮೇಲೆ ಬಿಟ್ಟು, ಕೂತಳು. ಗಡಿಯಾರ ಹನ್ನೊಂದು ಹೊಡೆದದ್ದು ಆಮೇಲೆ.

ಬ್ರಾಂದಿ ಹಿಡಿದು ಬಂದ ಗೋಪಾಲಪ್ಪ ಹಿತ್ತಲಲ್ಲೇ ಕುಸಿದ. "ಮನೆ ಹಾಳಾಯ್ತಲ್ಲೇ! ನಕ್ಷತ್ರದಲ್ಲೇ ಹೋದ್ಳಲ್ಲೇ!"

"ಇಲ್ಲಪ್ಪ. ನಕ್ಷತ್ರಕ್ಕೆ ಮುಂಚೇನೇ ಹೋದ್ರು," ಎಂದಳು ಲಕ್ಕಮ್ಮ. "ಗಡಿಯಾರದಾಗೆ ಒಂದು ಗಂಟೆ ಕಳೀಬೇಕು. ಮನೆ ಬಿಡ್ಬೇಕಾಗಿಲ್ಲ."

ಗೋಪಾಲಪ್ಪ ಅವಳನ್ನು ನೋಡಿದ. "ನೀನು ನಂಗೆ ನಕ್ಷತ್ರ ಹೇಳ್ಕೊಡ್ತೀಯಾ? ಹೊಲಗೇರಿಯೋಳು?"

ಡಾಕ್ಟರು ಬಂದರು, ನಾಡಿ ನೋಡಿದರು. ಗೂಡಿನಲ್ಲಿದ್ದ ಬರಿದಾದ ಸೀಸೆಯನ್ನು ನೋಡಿದರು, ಲಕ್ಕಮ್ಮನನ್ನು ನೋಡಿದರು. ಸೀಸೆಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು, ಗಡ್ಡೆಯಿಂದ ಸಾವು ಎಂದು ಬರೆದುಕೊಟ್ಟು ಹೋದರು.

ಮಧ್ಯಾಹ್ನ ಗಾಡಿಯಲ್ಲಿ ಬಂದಿಳಿದ ಶ್ಯಾನುಭೋಗರಿಗೆ ಲಕ್ಕಮ್ಮ ನುಗ್ಗೆ ಮರದ ಕೆಳಗಿನಿಂದಲೇ ಎಲ್ಲರೆದುರು ಹೇಳಿದಳು. "ಸ್ವಾಮಿ, ಹನ್ನೊಂದು ಹೊಡ್ಯೋಕೆ ಮುಂಚೆ ಪ್ರಾಣ ಹೋಯ್ತು. ನೀವೇ ಹೇಳಿಕೊಟ್ಟಿದ್ರಿ, ಪಂಚಾಂಗಕ್ಕೆ ಯುದ್ಧ ಗೊತ್ತಿಲ್ಲ ಅಂತ. ಒಂದು ಕಳದ್ರೆ ಹತ್ತೂ ಆಗಿರ್ಲಿಲ್ಲ."

ಶ್ಯಾನುಭೋಗರ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದು ಸುತ್ತು ಓಡಿತು. ನಿಂತಿತು. ಮತ್ತೊಂದು ಸುತ್ತು ಓಡಲಿಲ್ಲ. ಅಂಗಳದಲ್ಲಿ ಊರೇ ನೆರೆದಿತ್ತು. ಅಷ್ಟು ಜನರ ಎದುರು ಅವರು ತಿಪ್ಪೆಯ ಕಡೆ ನೋಡಿ ಹೌದು ಎನ್ನಬೇಕಿತ್ತು.

"ಹುಟ್ಟಿನ ಲೆಕ್ಕ ಬೇರೆ, ಸಾವಿನ ಲೆಕ್ಕ ಬೇರೆ," ಎಂದರು. "ಗೋಡೆ ಒಡೆಸಿ."

ಗೋಡೆ ಒಡೆಯಲು ಕೇರಿಯವರೇ ಬೇಕಾಯಿತು. ಸೊಣ್ಣಪ್ಪ ಗ್ಯಾಂಗಿನ ಹಾರೆ ತಂದ. ಹೆರಿಗೆಯ ಕೋಣೆಯ ಗೋಡೆ ಮೂರೇ ಏಟಿಗೆ ಬಾಯಿಬಿಟ್ಟಿತು. ಅಮ್ಮಯಮ್ಮ ಆ ಬಾಯಿಂದ ಈಚೆ ಬಂದಳು. ಹುಳದ ತಟ್ಟೆಗಳನ್ನು ತಿಪ್ಪೆಗೆ ಸುರಿದರು. ಬೀಗ ಬಿತ್ತು, ಬಾಗಿಲಿಗೆ ಬೇಲಿ ಮುಳ್ಳು ಬಂತು. ಗೋಪಾಲಪ್ಪನ ಮನೆಯವರಿಗೆ ಆರು ತಿಂಗಳು ಇರಲು ಒಂದು ಜಾಗ ಬೇಕಲ್ಲ. ತೋಟದ ಬದುವೇ ಎತ್ತರದ ನೆಲ. ಲಕ್ಕಮ್ಮನ ಗುಡಿಸಲನ್ನು ಕಿತ್ತು ಅಲ್ಲಿ ಶೆಡ್ಡು ಹಾಕಿದರು. ಕಿತ್ತ ಗಳುಗಳನ್ನು ಹೊತ್ತುಕೊಂಡು ಗಂಡ ಹೆಂಡತಿ ರೈಲು ದಾರಿಯ ಪಕ್ಕದ ಹಳ್ಳಕ್ಕೆ ಹೋದರು.

ತಿಪ್ಪೆಗೆ ಸುರಿದ ಹುಳುಗಳಲ್ಲಿ ಬಹುಪಾಲು ಕಾಗೆಗೆ, ಇರುವೆಗೆ ಹೋದವು. ನಾಲ್ಕಾರು ಬೇಲಿ ಮುಳ್ಳಿಗೆ ಹತ್ತಿ ಗೂಡು ಕಟ್ಟಿದವು. ಹಬೆಗೆ ಹಾಕುವವರು ಯಾರೂ ಇರಲಿಲ್ಲವಾಗಿ, ಗೂಡು ತೂತಾಗಿ ಚಿಟ್ಟೆ ಬಂತು.

ಎರಡು ತಿಂಗಳ ಮೇಲೆ ಅದೇ ಊರಿನ ಅಪ್ಪಯ್ಯಣ್ಣನ ಮನೆಯಲ್ಲಿ ಸೊಸೆಗೆ ನೋವು ಬಂತು, ಲಕ್ಕಮ್ಮನಿಗೆ ಹೇಳಿ ಕಳಿಸಿದರು. ಕೂಸು ಈಚೆ ಬಂದು ಅತ್ತ ಮೇಲೆ, ಕಟ್ಟೆಯ ಮೇಲೆ ಪಂಚಾಂಗ ಬಿಡಿಸಿ ಕೂತಿದ್ದ ಶ್ಯಾನುಭೋಗರು ಎಂದಿನಂತೆ ತಲೆಯೆತ್ತದೆ ಕೇಳಿದರು.

"ಗಂಟೆ ಎಷ್ಟಾಯ್ತೇ?"

ಲಕ್ಕಮ್ಮ ಬಾಗಿಲಲ್ಲಿ ನಿಂತು ಕೈ ಒರೆಸಿಕೊಂಡಳು. "ಗಡಿಯಾರ ಬೀಗ ಹಾಕಿದ ಮನೇಲೈತೆ ಸ್ವಾಮಿ. ಕೀ ಕೊಡೋರಿಲ್ದೆ ಯಾವಾಗ್ಲೋ ನಿಂತಿರ್ತದೆ."

ಶ್ಯಾನುಭೋಗರು ಈಗ ತಲೆಯೆತ್ತಿದರು. ಅವಳನ್ನು ನೋಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು, ಹೊತ್ತು ಎಲ್ಲಿದೆಯೆಂದು ಆಕಾಶ ನೋಡತೊಡಗಿದರು.